ಅಕ್ಟೋಬರಿನ ಅಳು

ಬೆಳಗಿನಿಂದ ವರ್ಲಿನ್ ಸ್ಟಾಫರ್‌ಗೆ ತನ್ನ ಬಲಗಿವಿ ಬೋಳಾದಂತೆ ಅನ್ನಿಸುತ್ತಿತ್ತು. ಮನೆಯ ಬಾಗಿಲಲ್ಲಿ ಟೋಪಿ ಸರಿಮಾಡಿಕೊಳ್ಳುವಾಗ ಕೈ ತಾನಾಗಿಯೇ ಕೋಟಿನ ಒಳಜೇಬಿಗೆ ಹೋಗಿತ್ತು. ಅಲ್ಲಿ ಪುಟ್ಟ ರೇಡಿಯೋ ಇರಲಿಲ್ಲ. ಅದನ್ನು ಅವನೇ ಹಿಂದಿನ ದಿನ ತನ್ನ ಟಯರ್ ಅಂಗಡಿಗೆ ಒಯ್ದು, ಎಣ್ಣೆ ಡಬ್ಬಿಗಳ ಹಿಂದೆ, ಒರೆಸುಬಟ್ಟೆಯೊಂದರಲ್ಲಿ ಸುತ್ತಿಟ್ಟು ಬಂದಿದ್ದ. ಸುತ್ತುವಾಗ, ಯಾರೂ ಇಲ್ಲದ ಅಂಗಡಿಯಲ್ಲಿ, ಒಮ್ಮೆ ತಿರುಗಿ ನೋಡಿದ್ದ. ಕದ್ದ ಮಾಲೇನೂ ಅಲ್ಲ. ಕ್ಯಾಲ್ಡರ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಅವನ ವಯಸ್ಸಿನ ಗಂಡಸರೆಲ್ಲ ಆಟವನ್ನು ಕಣ್ಣಿನಿಂದ ನೋಡುತ್ತಲೇ ಕಿವಿಗೊಂದು ತಂತಿ ಸಿಕ್ಕಿಸಿಕೊಂಡು, ಊರಿನ ರೇಡಿಯೋದವನು ಅದನ್ನೇ ಬಣ್ಣಿಸುವುದನ್ನು ಕೇಳುತ್ತಿದ್ದರು. ಹುಡುಗ ಚೆಂಡನ್ನು ಎದೆಗವಚಿಕೊಂಡು ಕಣ್ಣೆದುರೇ ಗೆರೆ ದಾಟಿದರೂ, ಆ ಒಡಕು ದನಿ ‘ದಾಟಿದ’ ಅನ್ನುವವರೆಗೆ ಅದು ನಡೆದಂತೆ ಆಗುತ್ತಿರಲಿಲ್ಲ. ಇವತ್ತು ಆ ದನಿಯಿಲ್ಲದೆ ನೋಡಬೇಕು. ಪಕ್ಕದಲ್ಲಿ ಮಗಳು ಕೂತಿರುತ್ತಾಳೆ. ಆ ತಂತಿಯನ್ನು ಕಂಡರೆ ಅವಳಿಗೆ ಏನಾದರೂ ಹೊಳೆದೀತು.

ಕಾರುಗಳು ನಿಂತ ಬಯಲಿನಲ್ಲಿ ಹುಲ್ಲಿನ ಮೇಲೆ ಇನ್ನೂ ಬಿಳಿ ಮಂಜು ಇತ್ತು. ಟ್ರಕ್ಕುಗಳ ಹಿಂಬಾಗಿಲು ಇಳಿಸಿ ಜನ ಇದ್ದಿಲ ಒಲೆಯ ಮೇಲೆ ಸಾಸೇಜು ಹೊರಳಿಸುತ್ತಿದ್ದರು; ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬದಲ್ಲಿ ಉಳಿದ ಟರ್ಕಿ ಕೋಳಿ ಬ್ರೆಡ್ಡಿನ ನಡುವೆ ಸೇರಿ ಕೈಯಿಂದ ಕೈಗೆ ಹೋಗುತ್ತಿತ್ತು. ಕೊರಿನ್ ಮಡಿಸಿದ ಕಂಬಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ಹೋಗುತ್ತಿದ್ದಳು. “ದಾರಿ ಮರ್ತೇ ಇಲ್ಲ ನೋಡು ಅಪ್ಪ,” ಅಂದಳು. ಅವಳ ದನಿಯಲ್ಲಿ ಖುಷಿ ಇತ್ತು. ಯಾರೋ ಕೂಗಿದರು, “ಏ ವರ್ಲಿನ್, ಇವತ್ತಾದ್ರೂ ಒಂದು ಗೆಲ್ಸಿ ಕೊಡೋ!”

“ನಾನೇನು ಒಳಗೆ ಇಳೀಲಾ?”

“ಇಳಿ ಮಾರಾಯ. ಈಗಿರೋ ಮಕ್ಳಿಗಿಂತ ನಿನ್ ಮಂಡಿನೇ ಗಟ್ಟಿ.”

ಎಲ್ಲರೂ ನಕ್ಕರು. ವರ್ಲಿನ್ ಕೂಡ ನಕ್ಕ. ಈ ವರ್ಷ ನಗುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ವಸಂತದಲ್ಲಿ ಹೊಸ ಕೋಚ್ ಬಂದ. ಅವನು ಬರುತ್ತಿದ್ದಂತೆ ಚೆನ್ನಾಗಿ ಆಡುತ್ತಿದ್ದ ಹುಡುಗರು ಒಬ್ಬೊಬ್ಬರಾಗಿ ದೊಡ್ಡ ಕಾಲೇಜುಗಳಿಗೆ ಹಾರಿಹೋದರು. ಉಳಿದವರು ಗಡ್ಡ ಸರಿಯಾಗಿ ಮೂಡದವರು, ಎದೆಗವಚ ಹಾಕಿಕೊಂಡರೆ ಅಣ್ಣನ ಕೋಟು ತೊಟ್ಟಂತೆ ಕಾಣುವವರು. ಇದು ತಂಡ ಕಟ್ಟುವ ವರ್ಷ, ತಾಳ್ಮೆ ಇರಲಿ ಎಂದು ಕೋಚ್ ಪ್ರತಿ ಸೋಮವಾರ ರೇಡಿಯೋದಲ್ಲಿ ಹೇಳುತ್ತಿದ್ದ. ಸೆಪ್ಟೆಂಬರಿನಿಂದ ಇಂದಿನವರೆಗೆ ಒಂದೂ ಗೆದ್ದಿರಲಿಲ್ಲ. ವರ್ಲಿನ್‌ಗೆ ಕೋಪ ಬರುತ್ತಿರಲಿಲ್ಲ. ಗೆಲ್ಲುವ ತಂಡಗಳನ್ನೂ ಅವನು ಕಂಡಿದ್ದ, ಆದರೆ ಸೋಲುವ ಈ ಹುಡುಗರು ತಲೆ ತಗ್ಗಿಸಿಕೊಂಡು ಒಳಗೆ ಹೋಗುವಾಗ ಅವನ ಎದೆಯಲ್ಲಿ ಆಗುತ್ತಿದ್ದದ್ದು ಬೇರೆ ಎಲ್ಲಿಯೂ ಆಗುತ್ತಿರಲಿಲ್ಲ. ಯಾವ ಹುಡುಗ ಯಾವ ಊರಿನವನು, ಯಾರ ತಾಯಿ ಕಾಯಿಲೆಯಲ್ಲಿದ್ದಾಳೆ, ಯಾರ ಎಡಮಂಡಿ ಸರಿಯಿಲ್ಲ, ಎಲ್ಲ ಗೊತ್ತಿತ್ತು. ಕೊರಿನ್ ಕೆಲಸ ಮಾಡುವ ಹಲ್ಲಿನ ಡಾಕ್ಟರ ಹೆಸರು ಮಾತ್ರ ಕೇಳಿದಾಗಲೆಲ್ಲ ನಾಲಿಗೆಯ ತುದಿಯಿಂದ ಜಾರಿಹೋಗುತ್ತಿತ್ತು.

ಗುರುವಾರ, ಹಬ್ಬದ ಊಟಕ್ಕೆ ಕೊರಿನ್ ಮತ್ತು ಅವಳ ಗಂಡ ವೇಡ್ ಬಂದಾಗ, ಅವಳು ಕಂದು ಕಾಗದದಲ್ಲಿ ಸುತ್ತಿದ್ದ ಚೌಕಟ್ಟೊಂದನ್ನು ಮೇಜಿನ ಮೇಲಿಟ್ಟಳು. ಬಿಚ್ಚಿದರೆ ಹಿಂದಿನ ತಿಂಗಳು ನಡೆದ ಅವಳ ಮದುವೆಯ ಫೋಟೋ, ಅದರಲ್ಲಿ ಅವನದೇ ಮುಖ. ಚರ್ಚಿನ ಮುಂದಿನ ಸಾಲು, ಬಾಡಿಗೆಗೆ ತಂದ ಕರಿ ಕೋಟು, ಬಾಯಿ ಸೊಟ್ಟಗಾಗಿ, ಎರಡೂ ಕೆನ್ನೆ ಒದ್ದೆ. “ಎಲ್ಲ ಫೋಟೋದಲ್ಲೂ ನಂಗೆ ಇದೇ ಇಷ್ಟ,” ಅಂದಳು. ಹೆಂಡತಿ ಮಾರ್ಲಿಸ್ ಅದನ್ನು ನೋಡಿದಳು, ನಂತರ ಗಂಡನನ್ನು ನೋಡಿದಳು, ನಂತರ ಆಲೂಗಡ್ಡೆಯ ಬಟ್ಟಲನ್ನು ವೇಡ್‌ನ ಕಡೆಗೆ ಸರಿಸಿದಳು. ಊಟ ಮುಗಿಯುವವರೆಗೆ ಗೋಡೆಗೆ ಆನಿಸಿದ್ದ ಆ ಮುಖದ ಕೆಳಗೇ ಕೂತು ವರ್ಲಿನ್ ಟರ್ಕಿಯ ತುಂಡುಗಳನ್ನು ಅಗಿದ. ಅವು ರಬ್ಬರಿನಂತೆ ಬಾಯಲ್ಲಿ ಸುತ್ತಿದವು. ಏಳುವಾಗ ಕೊರಿನ್ ಅಂದಳು, “ಶನಿವಾರ ಕೊನೇ ಆಟ ಅಲ್ವಾ? ನಾನೂ ಬರ್ಲಾ ನಿನ್ ಜೊತೆ? ಎಷ್ಟು ವರ್ಷ ಆಯ್ತು.” ಅವನು ಬೇಡ ಅನ್ನಲು ಕಾರಣ ಹುಡುಕಿದ. ಚಳಿ ಜಾಸ್ತಿ ಅಂದ. “ಕಂಬಳಿ ಇದೆಯಲ್ಲ,” ಅಂದಳು.

ಮಾರ್ಲಿಸ್‌ಗೆ ಗೊತ್ತಿತ್ತು. ಮಗಳ ಮದುವೆಯ ರಾತ್ರಿ ಅವನ ಕೋಟನ್ನು ಕೊಡವಿ ಹ್ಯಾಂಗರಿಗೆ ಹಾಕುವಾಗ ತೋಳಿನೊಳಗಿಂದ ತಂತಿ ಜಾರಿ ಅವಳ ಕೈಮೇಲೆ ಬಿದ್ದಿತ್ತು. ಅವಳು ಕೂಗಾಡಲಿಲ್ಲ. ತಂತಿಯನ್ನು ಬೆರಳಿಗೆ ಸುತ್ತಿ ಸುತ್ತಿ ಚಿಕ್ಕ ಉಂಡೆ ಮಾಡಿ, ಅವನ ಪಕ್ಕದ ದೀಪದ ಕೆಳಗಿಟ್ಟು, ಮಂಚದ ಅಂಚಿನಲ್ಲಿ ಕೂತು ಅಂದಿದ್ದಳು: “ಅವ್ಳಿಗೆ ಇದು ಯಾವತ್ತೂ ಗೊತ್ತಾಗಬಾರ್ದು. ಅವ್ಳ ಹತ್ರ ನಿನ್ನದು ಅಂತ ಇರೋದು ಇದೊಂದೇ, ವರ್ಲಿನ್. ಅದನ್ನ ಕಿತ್ಕೋಬೇಡ.” ಇವತ್ತು ಬೆಳಿಗ್ಗೆಯೂ ಬಾಗಿಲಿಗೆ ಬಂದು, ಮಗಳು ಟ್ರಕ್ಕಿಗೆ ಹತ್ತಿದ ಮೇಲೆ, ತಗ್ಗಿದ ದನಿಯಲ್ಲಿ ಅಂದಿದ್ದಳು: “ಡೆಲ್ಮರ್‌ನ ಬಾಯಿ ನೋಡ್ಕೋ.”

ಮದುವೆಯ ಆ ಶನಿವಾರವನ್ನು ಕೊರಿನ್ ಆರಿಸಿದ್ದಲ್ಲ. ಈ ಊರಿನಲ್ಲಿ ತಂಡ ಊರಿನ ಮೈದಾನದಲ್ಲೇ ಆಡುವ ಶನಿವಾರ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಪಾದ್ರಿಯೇ ಬರುವುದು ಅನುಮಾನ. ಹಾಗಾಗಿ ಇಡೀ ಶರತ್ಕಾಲದಲ್ಲಿ ಚರ್ಚು ಖಾಲಿ ಸಿಕ್ಕಿದ್ದು ಅಂಥದೇ ಒಂದು ಶನಿವಾರ. ಅವಳು ಅಂಗಡಿಗೆ ಬಂದು, ಟಯರುಗಳ ನಡುವೆ ನಿಂತು ದಿನ ಹೇಳಿದಾಗ, ಅವನ ಕಣ್ಣು ಅವಳ ಮುಖಕ್ಕಿಂತ ಮೊದಲು ಗೋಡೆಯ ಮೇಲಿನ ಪಂದ್ಯಗಳ ಪಟ್ಟಿಗೆ ಹೋಗಿತ್ತು. ಅರೆಕ್ಷಣ. ಅವಳು ಅದನ್ನು ನೋಡಿದಳು. “ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು ಅಪ್ಪ,” ಅಂದಳು. ಅವನು ಧಾರಾಳವಾಗಿ ನಕ್ಕು, ಕೈಯೊರೆಸಿಕೊಳ್ಳುತ್ತಾ, “ಏ, ಈ ವರ್ಷ ಹೇಗೂ ಸೋಲೋ ತಂಡ, ಹೋದ್ರೆ ಹೋಯ್ತು,” ಅಂದ. ಒಪ್ಪಿಗೆ ಕೊಟ್ಟೆ ಎಂದೇ ಅವನು ಅಂದುಕೊಂಡಿದ್ದ. ಅವಳ ಮುಖ ಯಾಕೆ ಬಾಡಿತೆಂದು ಗೊತ್ತಾದದ್ದು ಎಷ್ಟೋ ವಾರಗಳ ಮೇಲೆ, ಯಾರದೋ ಚಕ್ರ ಬಿಚ್ಚುತ್ತಿದ್ದಾಗ; ಆಗ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಸುಮ್ಮನೆ ನಿಂತುಬಿಟ್ಟಿದ್ದ.

ಮದುವೆಯ ದಿನ ಅವಳ ಕೈಯನ್ನು ತನ್ನ ತೋಳಿನಲ್ಲಿ ಸೇರಿಸಿ, ಸಂಗೀತಕ್ಕೆ ಹೆಜ್ಜೆ ಹಾಕಿ, ವೇಡ್‌ನ ಕೈಗೆ ಒಪ್ಪಿಸಿದ. ಅಲ್ಲಿಯವರೆಗೆ ತಂತಿ ಕತ್ತುಪಟ್ಟಿಯ ಹಿಂದೆಯೇ ಇತ್ತು. ಅಲ್ಲಿಯವರೆಗೆ ಅವನು ಮಗಳ ತಂದೆಯೇ ಆಗಿದ್ದ. ಅದನ್ನು ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲ. ಕೂತ ಮೇಲೆ, ಪಾದ್ರಿ ಬೈಬಲಿನಿಂದ ಏನನ್ನೋ ಓದುತ್ತಿದ್ದಾಗ, ಕಿವಿ ತುರಿಸಿಕೊಳ್ಳುವವನಂತೆ ಕೈಯೆತ್ತಿ ಅದನ್ನು ಸಿಕ್ಕಿಸಿಕೊಂಡ. ಒಂದು ಸಲ ಕೇಳಿ ತೆಗೆದುಬಿಡುತ್ತೇನೆ ಎಂದೇ ಸಿಕ್ಕಿಸಿಕೊಂಡದ್ದು. ಆದರೆ ಒಡಕು ದನಿ ಹಿಂದೆಂದೂ ಇಲ್ಲದ ಹಾಗೆ ನಡುಗುತ್ತಿತ್ತು. ಒಂದೇ ಅಂಕ ಹಿಂದೆ, ಕೊನೆಯ ಒದೆತ. ಪಿಟ್‌ಮನ್ ಎಂಬ ಹುಡುಗ, ಒದೆಯುವ ಮುಂಚೆ ಹುಲ್ಲು ಕಿತ್ತು ಗಾಳಿ ನೋಡುವವನು. ಚೆಂಡು ಎರಡು ಕಂಬಗಳ ನಡುವೆ ಹೋದರೆ ವರ್ಷದ ಮೊದಲ ಗೆಲುವು. ಎದುರಿಗೆ ಬಿಳಿ ಬಟ್ಟೆಯಲ್ಲಿ ಮಗಳು ತುಟಿ ತೆರೆಯುತ್ತಿದ್ದಳು. ಕಿವಿಯಲ್ಲಿ ದನಿ, ‘ಒದ್ದ’ ಅಂದಿತು. ಮತ್ತೆ ಏನೂ ಇಲ್ಲ. ಮತ್ತೆ, ತೀರಾ ಮೆಲ್ಲಗೆ, ಸತ್ತವರ ಮನೆಯಲ್ಲಿ ಮಾತಾಡುವ ಹಾಗೆ, ‘ಕಂಬಕ್ಕೆ ತಾಗಿತು’ ಅಂದಿತು. ಒಪ್ಪಿದೆ ಎಂದು ಕೊರಿನ್ ಹೇಳಿದ್ದು ಅದಕ್ಕೆ ಮೊದಲೋ ಆಮೇಲೋ ಅವನು ಕೇಳಿಸಿಕೊಳ್ಳಲೇ ಇಲ್ಲ. ಕಣ್ಣು ತುಂಬಿ ಹರಿಯಿತು, ಭುಜ ಕುಲುಕಿತು, ಹಿಂದಿನ ಸಾಲಿನ ಹೆಂಗಸೊಬ್ಬಳು ಅವನ ಬೆನ್ನು ಸವರಿದಳು. ಹೊರಗೆ ಮೆಟ್ಟಿಲ ಮೇಲೆ ಕೊರಿನ್ ಓಡಿ ಬಂದು ಅವನನ್ನು ತಬ್ಬಿಕೊಂಡಳು. “ನೀನು ಅಳೋದು ನಾನು ನೋಡೇ ಇರ್ಲಿಲ್ಲ ಅಪ್ಪ,” ಅಂದಳು. ಅವನು ಅಂದ: “ಮಗಳ ಮದುವೆ ಅಲ್ವಾ.”

ಅರ್ಧ ಅವಳಿಗಾಗಿಯೇ ಅತ್ತೆ ಎಂದು ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡ. ಒಂದು ಕಣ್ಣು ಇದಕ್ಕೆ, ಒಂದು ಕಣ್ಣು ಅದಕ್ಕೆ. ಅಂಗಡಿಗೆ ಬರುವ ಗಿರಾಕಿಗಳು ಮೊಳೆ ತುಳಿದೆ ಎಂದು ಹೇಳಿದಾಗ, ಟಯರಿನ ತೂತು ನೋಡಿ ಇದು ಮೊಳೆಯಲ್ಲ, ರಸ್ತೆಯಂಚಿನ ಕಲ್ಲಿಗೆ ಉಜ್ಜಿದ್ದು ಎಂದು ಅವನು ಹೇಳಬಲ್ಲ. ತನ್ನ ಮೊದಲ ಹನಿ ಯಾವುದಕ್ಕೆ ಬಿತ್ತೆಂಬುದು ಅವನಿಗೆ ಅಷ್ಟೇ ಸ್ಪಷ್ಟವಾಗಿ ಗೊತ್ತಿತ್ತು.

“ಅಯ್ಯೋ ದೇವ್ರೇ, ಯಾರಿದು!” ಅವರಿಬ್ಬರೂ ಗ್ಯಾಲರಿಯಲ್ಲಿ ತಮ್ಮ ಸಾಲಿಗೆ ಬರುತ್ತಿದ್ದಂತೆ ಡೆಲ್ಮರ್ ಪ್ರೂಯಿಟ್ ಎದ್ದು ನಿಂತು ಎರಡೂ ಕೈ ಚಾಚಿದ. ಊರಿನ ಕ್ಷೌರದಂಗಡಿಯವನು, ವರ್ಲಿನ್‌ನ ಪಕ್ಕದ ಜಾಗದಲ್ಲಿ ಎಷ್ಟೋ ವರ್ಷಗಳಿಂದ ಕೂತವನು, ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರಲು ಅಡ್ಡಿಯೇ ಇಲ್ಲದವನು. “ಕೊರಿನ್! ಮುರಿದ ಕೈ ಹುಡ್ಗಿ!”

“ಇನ್ನೂ ಅದೇ ನೆನಪಾ ಡೆಲ್ಮರ್ ಮಾಮ?”

“ಮರೆಯಕ್ಕೆ ಆಗತ್ತಾ? ಟ್ರಕ್ಕಿಂದ ಬಿದ್ದು ಕೈ ಮುರ್ಕೊಂಡು, ಕಂಬ್ಳಿ ಒಳಗೆ ಬಚ್ಚಿಟ್ಕೊಂಡು, ಆಟ ಮುಗಿಯೋ ತನಕ ಒಂದ್ ಮಾತಾಡ್ಲಿಲ್ವಲ್ಲ ತಾಯಿ ನೀನು. ಎಂಟು ವರ್ಷದ ಕೂಸು. ಇಂಥಾ ಅಭಿಮಾನಿ ನಮ್ಮಲ್ಲಿ ಹುಟ್ಟಿಲ್ಲ ಅಂತ ನಿಮ್ಮಪ್ಪ ಸಿಕ್ಕ್‌ಸಿಕ್ಕೋರಿಗೆಲ್ಲ ಹೇಳ್ತಿದ್ದ.”

ಹೌದು, ಹೇಳುತ್ತಿದ್ದ. ಅಂಗಡಿಯಲ್ಲಿ, ಬಯಲಿನಲ್ಲಿ, ಮದುವೆಯ ಊಟದಲ್ಲಿ ಲೋಟ ಎತ್ತಿ ಹಿಡಿದು ಕೂಡ ಹೇಳಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಇವತ್ತು ಅಲ್ಯೂಮಿನಿಯಂ ಬೆಂಚಿನ ತಣುಪು ಪ್ಯಾಂಟಿನೊಳಗೆ ಇಳಿಯುತ್ತಿದ್ದಾಗ, ಅದೇ ಕಥೆ ಬೇರೆಯವನ ಬಾಯಿಂದ ಬಂದಾಗ, ಆ ಮಗುವಿನ ಮುಖ ಮೊದಲ ಸಲ ಅವನಿಗೆ ಕಾಣಿಸಿತು. ತುಟಿ ಕಚ್ಚಿಕೊಂಡು ಅವಳು ನೋಡುತ್ತಿದ್ದದ್ದು ಆಟವನ್ನಲ್ಲ, ಅವನನ್ನು. ಈಗ ಹೇಳಲೇ, ಈಗ ಹೇಳಿದರೆ ಬೈಯುತ್ತಾನಾ, ಎದ್ದು ಬರುತ್ತಾನಾ ಎಂದು ಅಳೆಯುತ್ತಿದ್ದ ಕಣ್ಣು. ಬರುವುದಿಲ್ಲ ಎಂದು ಲೆಕ್ಕ ಹಾಕಿ ಸುಮ್ಮನಾದ ಮಗು. ಅವನು ಕೊರಿನ್‌ನ ಮಣಿಕಟ್ಟಿನ ಕಡೆ ನೋಡಿದ. ಅವಳು ಕೈಗವಸು ಹಾಕಿಕೊಂಡಿದ್ದಳು.

“ಏನೋ ಇದು, ಕಿವಿ ಖಾಲಿ?” ಡೆಲ್ಮರ್ ತನ್ನ ಕಿವಿಯ ತಂತಿಯನ್ನು ತೋರಿಸಿ ಕೇಳಿದ.

“ಬ್ಯಾಟರಿ ಮುಗೀತು.”

“ನನ್ ಹತ್ರ ಇದೆ, ತಗೋ.” ಡೆಲ್ಮರ್ ಆಗಲೇ ಜೇಬಿಗೆ ಕೈಹಾಕಿದ್ದ.

“ರೇಡಿಯೋನೇ ತಂದಿಲ್ಲ ಕಣೋ.”

“ಬ್ಯಾಟರಿ ಮುಗೀತು ಅಂತ ರೇಡಿಯೋ ಬಿಟ್ಟು ಬಂದ್ಯಾ? ಹಲ್ಲುನೋವು ಅಂತ ತಲೆ ಮನೇಲಿಟ್ಟು ಬಂದ ಹಾಗಾಯ್ತು.” ಕೊರಿನ್ ನಕ್ಕಳು. ವರ್ಲಿನ್ ಡೆಲ್ಮರ್‌ನ ಬೂಟನ್ನು ತನ್ನ ಬೂಟಿನಿಂದ ಒತ್ತಿದ. ಡೆಲ್ಮರ್ ಕಾಲು ಒಳಗೆ ಎಳೆದುಕೊಂಡು, “ಜಾಗ ಸಾಲ್ದಾ? ಸರ್ಕೋತೀನಿ ಇರು,” ಅಂದ. “ಬಿಡು, ಅವ್ನು ಏನಂತಾನೋ ನಾನೇ ನಿಂಗೆ ಹೇಳ್ತಾ ಹೋಗ್ತೀನಿ.”

ಹಾಗೆಯೇ ಮಾಡಿದ. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದಾಗಲೆಲ್ಲ ಡೆಲ್ಮರ್ ಒಂದು ಉಸಿರು ತಡವಾಗಿ ರೇಡಿಯೋದವನ ಮಾತನ್ನು ಗಟ್ಟಿಯಾಗಿ ಒಪ್ಪಿಸಿದ. ಎದುರಾಳಿಗಳು ನದಿಯಾಚೆಯ ಊರಿನವರು. ಅವರನ್ನು ಸೋಲಿಸಿದರೆ ಉಳಿದೆಲ್ಲ ಸೋಲುಗಳನ್ನೂ ಜನ ಮನ್ನಿಸಿಬಿಡುತ್ತಿದ್ದರು. ಮತ್ತು ಆ ದಿನ, ಯಾಕೋ ಏನೋ, ಮಕ್ಕಳು ಆಡಿದರು. ಸಡಿಲ ಕೋಟಿನಂಥ ಎದೆಗವಚಗಳೊಳಗೆ ಯಾರೋ ಬೇರೆಯವರು ಬಂದು ಸೇರಿಕೊಂಡಂತೆ ಓಡಿದರು, ಬಿದ್ದರು, ಎದ್ದರು. ಅರ್ಧ ಆಟ ಮುಗಿಯುವಾಗ ಸಮ, ಕೊನೆಯ ಕಾಲುಭಾಗಕ್ಕೆ ನಾಲ್ಕು ಅಂಕ ಮುಂದೆ. ಸುತ್ತಲಿನವರು ಕೂರುವುದನ್ನೇ ಬಿಟ್ಟರು. ಕೊರಿನ್ ಕಂಬಳಿಯ ಒಂದು ಅಂಚನ್ನು ಅವನ ಮಂಡಿಯ ಮೇಲೆ ಎಳೆದು ಹೊದಿಸಿ, ಬಾಯಿಂದ ಬಿಳಿ ಉಸಿರು ಬಿಡುತ್ತಾ ಅಂದಳು, “ಅಪ್ಪ, ನಂಗೆ ಇದೆಲ್ಲ ಮೊದ್ಲು ಅರ್ಥ ಆಗ್ತಿರ್ಲಿಲ್ಲ. ನಿಂಗೆ ಇದು ಬಿಟ್ರೆ ಯಾವುದೂ ತಾಗಲ್ಲ ಅಂದ್ಕೊಂಡಿದ್ದೆ. ಆವತ್ತು ಚರ್ಚಲ್ಲಿ ನಿನ್ನ ನೋಡಿದ್ಮೇಲೆ... ಇರ್ಲಿ ಬಿಡು. ಬಂದಿದ್ದು ಒಳ್ಳೇದಾಯ್ತು.” ಅವಳು ಅವನ ಭುಜಕ್ಕೆ ತಲೆ ಆನಿಸಿದಳು. ಆ ಭಾರ ಅಲ್ಲಿರುವಷ್ಟು ಹೊತ್ತು ಅವನು ಅಲುಗಲಿಲ್ಲ. ಕೆಳಗೆ ಎದುರಾಳಿ ಹುಡುಗನೊಬ್ಬ ಚೆಂಡು ಹಿಡಿದು ಇಪ್ಪತ್ತು ಗಜ ಓಡಿದ, ಇಡೀ ಸಾಲು ನರಳಿತು, ಅವನು ಅಲುಗಲಿಲ್ಲ. ಹೀಗೇ ಇದ್ದುಬಿಟ್ಟರೆ ಆದೀತು ಅನ್ನಿಸಿತು. ಸುಳ್ಳನ್ನೂ ಒಂದು ಕೂಸಿನಂತೆ ಭುಜದ ಮೇಲೆ ಮಲಗಿಸಿಕೊಂಡು, ವರ್ಷಗಟ್ಟಲೆ ಹೊತ್ತರೆ, ಅದು ಕೊನೆಗೆ ತನ್ನದೇ ಆದೀತು.

“ಅಕ್ಟೋಬರಲ್ಲಿ ಆದಂಗೆ ಆಗ್ದೇ ಇದ್ರೆ ಸಾಕಪ್ಪ,” ಡೆಲ್ಮರ್ ಎರಡೂ ಅಂಗೈ ಉಜ್ಜುತ್ತಾ ಅಂದ. “ಅವತ್ತು ಕಂಬಕ್ಕೆ ತಾಗ್ತಲ್ಲ, ನಾನು ಇಲ್ಲೇ ಕೂತು ಗೊಳೋ ಅಂತ ಅತ್ತೆ ಕಣಮ್ಮ. ನಮ್ಮನೆಯವ್ಳು ಹೋದಾಗ ಬಿಟ್ರೆ ಮತ್ತೆ ಅತ್ತಿದ್ದು ಅವತ್ತೇ.”

“ಡೆಲ್ಮರ್, ಆಟ ನೋಡೋ.”

“ನೋಡ್ತಾ ಇದೀನಲ್ಲ. ಅಳ್ತಾ ಅಳ್ತಾ ನಂಗೆ ನಿಮ್ಮಪ್ಪಂದೇ ಯೋಚ್ನೆ. ನಾನಿಲ್ಲಿ ಬಾಯ್ಬಿಟ್ಟು ಅಳಬಹುದು, ಅವ್ನು ಪಾಪ ಚರ್ಚಲ್ಲಿ ಕಿವಿಗೆ ಸಿಕ್ಕಿಸ್ಕೊಂಡು ಹೇಗೆ ತಡ್ಕೊಂಡ್ನೋ ಅಂತ.”

ಭುಜದ ಮೇಲಿನ ಭಾರ ಹೋಯಿತು. “ಏನು ಸಿಕ್ಕಿಸ್ಕೊಂಡು?” ಕೊರಿನ್ ಕೇಳಿದಳು.

“ತಂತಿ ಕಣಮ್ಮ, ರೇಡಿಯೋದು.” ಡೆಲ್ಮರ್‌ನ ಮುಖದಲ್ಲಿ ಕುಶಲಕರ್ಮಿಯ ಹೆಮ್ಮೆ. “ನಿನ್ ಕಣ್ಣಿಗೆ ಬೀಳ್ಲಿಲ್ಲ ತಾನೇ? ಬೀಳಬಾರ್ದು ಅಂತ್ಲೇ ಅಲ್ವಾ, ಹಿಂದಿನ ದಿನ ಬಂದಾಗ ಬಲಗಿವಿ ಹಿಂದೆ ಕೂದ್ಲು ಕತ್ತರಿಸ್ದೆ ಹಾಗೇ ಬಿಟ್ಟಿದ್ದು. ನಾನೇ ಹೇಳ್ದೆ, ಕತ್ತಿನ ಹಿಂದಿಂದ ತಾ, ಕೂದ್ಲು ಮುಚ್ಕೊಳ್ಳತ್ತೆ ಅಂತ.” ಹೇಳುತ್ತಾ ಹೇಳುತ್ತಾ ಅವನು ವರ್ಲಿನ್‌ನ ಮುಖ ನೋಡಿದ. ಕತ್ತರಿ ತಪ್ಪಿ ಚರ್ಮಕ್ಕೆ ತಾಗಿದಾಗ ಆಗುವ ಹಾಗೆ ಅವನ ಕೈ ಅರ್ಧದಲ್ಲಿಯೇ ನಿಂತಿತು.

ಕೊರಿನ್ ಸ್ವಲ್ಪ ಹೊತ್ತು ಮೈದಾನವನ್ನು ನೋಡಿದಳು. ಅವಳು ಸಿಟ್ಟಾಗಲಿಲ್ಲ. ಏನನ್ನೋ ಮನಸ್ಸಿನಲ್ಲೇ ಜೋಡಿಸುತ್ತಿದ್ದಳು. ಹೆಣ್ಣುಮಗಳೊಬ್ಬಳು ಕನ್ನಡಿಯೆದುರು ತಾನು ಇಡೀ ಹಬ್ಬ ಉಟ್ಟು ತಿರುಗಿದ ಬಟ್ಟೆಯ ಹರುಕನ್ನು ಈಗ ಕಂಡಂತೆ, ಯಾರು ಯಾರು ನೋಡಿರಬಹುದು ಎಂದು ಒಂದೊಂದೇ ಮುಖ ನೆನೆಯುವಂತೆ ಇತ್ತು ಅವಳ ನೋಟ. ಆಮೇಲೆ, ತೀರಾ ಸಾಮಾನ್ಯ ದನಿಯಲ್ಲಿ, “ಅಪ್ಪ, ಅದು ಕಂಬಕ್ಕೆ ತಾಗಿದ್ದು ನಾನು ಒಪ್ಪಿದೆ ಅನ್ನೋಕೆ ಮುಂಚೆನಾ, ಆಮೇಲಾ?” ಅಂದಳು.

“ಕೊರಿನ್...”

“ಇಲ್ಲ, ಸುಮ್ನೆ ಕೇಳ್ದೆ.” ಅವಳು ಅವನ ಮಂಡಿಯ ಮೇಲಿಂದ ಕಂಬಳಿಯನ್ನು ಎಳೆದುಕೊಂಡು, ಅಂಚಿಗೆ ಅಂಚು ಕೂಡಿಸಿ ಮಡಿಸಿ, ಬೆಂಚಿನ ಮೇಲಿಟ್ಟಳು. “ಅಮ್ಮಂಗೆ ಗೊತ್ತಾ?” ಅವನು ಟೋಪಿಯ ಅಂಚನ್ನು ಕೆಳಗೆಳೆದುಕೊಂಡ. “ಗೊತ್ತು,” ಅಂದಳು ಅವಳೇ. “ಫೋಟೋ ನೋಡಿ ಆಲೂಗಡ್ಡೆ ಪಾಸ್ ಮಾಡಿದ್ಲಲ್ಲ. ಬಿಸಿ ಏನಾದ್ರೂ ತರ್ತೀನಿ.” ಜನರ ಮೊಣಕಾಲುಗಳ ನಡುವೆ, ದಯವಿಟ್ಟು, ದಯವಿಟ್ಟು ಅನ್ನುತ್ತಾ, ಅವಳು ಮೆಟ್ಟಿಲ ಕಡೆ ಹೋದಳು.

ಡೆಲ್ಮರ್ ಕಿವಿಯಿಂದ ತಂತಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ. “ನಾನೇನಾದ್ರೂ... ವರ್ಲಿನ್, ಅವ್ಳಿಗೆ ಗೊತ್ತಿರ್ಲಿಲ್ವಾ? ಗೊತ್ತಿದೆ ಅಂದ್ಕೊಂಡೆ ಕಣೋ. ನಗೋ ವಿಷ್ಯ ಅಂದ್ಕೊಂಡೆ.”

“ನಗೋ ವಿಷ್ಯಾನೇ,” ಅಂದ ವರ್ಲಿನ್.

ಆಗಲೇ ಏಳಬೇಕಿತ್ತು. ಏಳುವವನೇ ಇದ್ದ. ಆದರೆ ಎದುರಾಳಿಗಳು ಗೆರೆಯ ಹತ್ತಿರಕ್ಕೇ ಬಂದಿದ್ದರು, ಗಡಿಯಾರದಲ್ಲಿ ಒಂದು ನಿಮಿಷವೂ ಉಳಿದಿರಲಿಲ್ಲ, ಹುಡುಗರು ಬಾಗಿ ನೆಲಕ್ಕೆ ಕೈಯೂರಿದ್ದರು. ಇದೊಂದು ಮುಗಿಯಲಿ ಎಂದು ಅವನು ಅಂದುಕೊಂಡ. ಅಂದುಕೊಂಡದ್ದು ತನಗೇ ಕೇಳಿಸಿತು. ಆದರೂ ಅದು ಮುಗಿಯುವವರೆಗೆ ಕೂತ. ಹುಡುಗರ ರಾಶಿ ಬಿದ್ದಿತು, ಸೀಟಿ ಕೂಗಿತು, ಎದುರಾಳಿ ಗೆರೆಗೆ ಒಂದು ಮೊಳ ಈಚೆಗೇ ನಿಂತಿದ್ದ, ಇನ್ನೊಂದು ಅವಕಾಶ ಅವರಿಗಿತ್ತು. ಆಮೇಲೆ ವರ್ಲಿನ್ ಎದ್ದ. ಎದ್ದು ನಿಂತ ಜನರನ್ನು ತಳ್ಳಿಕೊಂಡು, ಮೈದಾನಕ್ಕೆ ಬೆನ್ನು ಮಾಡಿ ಇಳಿದ. ಹುಟ್ಟಿದಾಗಿನಿಂದ ಆಟ ಮುಗಿಯುವ ಮೊದಲು ಆ ಮೆಟ್ಟಿಲು ಇಳಿದವನಲ್ಲ. ಎದುರಾದ ಮುಖಗಳೆಲ್ಲ ಅವನ ಹೆಗಲ ಮೇಲಿಂದ ಆಚೆ ನೋಡುತ್ತಿದ್ದವು. ಅವುಗಳ ಮೇಲೆ ಆಟ ಕಾಣಿಸುತ್ತಿತ್ತು. ಕಣ್ಣು ತಗ್ಗಿಸಿಕೊಂಡ.

ಗ್ಯಾಲರಿಯ ಕೆಳಗಿನ ಕಾಂಕ್ರೀಟ್ ಹಾದಿಯಲ್ಲಿ ಯಾರೂ ಇರಲಿಲ್ಲ. ಜೋಳದ ಅರಳು ಮಾರುವ ಹುಡುಗಿ ಕೂಡ ಅಂಗಡಿ ಬಿಟ್ಟು ಒಳಗೆ ಓಡಿದ್ದಳು; ಯಂತ್ರದೊಳಗೆ ಹಳದಿ ದೀಪವೊಂದು ಉರಿಯುತ್ತಿತ್ತು. ಕೊರಿನ್ ಕಂಬವೊಂದಕ್ಕೆ ಒರಗಿ, ಕೈಗಳನ್ನು ಕೋಟಿನ ಜೇಬಿನಲ್ಲಿ ತುರುಕಿಕೊಂಡು ನಿಂತಿದ್ದಳು. ಅವನನ್ನು ಕಂಡು ಅವಳ ಹುಬ್ಬು ಮೇಲೇರಿತು, ನಿಜವಾದ ಆಶ್ಚರ್ಯದಿಂದ.

“ಬಂದ್ಯಾ?” ಅಂದಳು. “ಇನ್ನೂ ಮುಗಿದಿಲ್ವಲ್ಲ.”

“ಮುಗಿದ್ರೆ ಮುಗೀಲಿ.”

“ಹಾಗನ್ಬೇಡ ಅಪ್ಪ. ಅದು ನಿನ್ ಬಾಯಲ್ಲಿ ಚೆನ್ನಾಗಿ ಕೇಳ್ಸಲ್ಲ.” ಅವಳು ನಗಲು ನೋಡಿದಳು. “ನಂಗೆ ನಿನ್ ಮೇಲೆ ಸಿಟ್ಟಿಲ್ಲ. ಸಿಟ್ಟು ಬರ್ಲಿ ಅಂತ ಇಲ್ಲಿ ನಿಂತು ಕಾಯ್ತಾ ಇದ್ದೆ. ಬರ್ತಾನೇ ಇಲ್ಲ. ನಾಚ್ಕೆ ಆಗ್ತಿದೆ ಅಷ್ಟೇ. ನನ್ ಆಫೀಸಿನಲ್ಲಿ ಎಲ್ರಿಗೂ ತೋರ್ಸಿದೀನಿ ಗೊತ್ತಾ, ನಮ್ಮಪ್ಪ ನೋಡಿ ಅಂತ.”

“ನಾನು ಹೇಳೋದು ಕೇಳು.”

“ಹೇಳು. ಕೇಳ್ತೀನಿ.”

ಅವಳು ನಿಜವಾಗಿಯೂ ಕೇಳಲು ಸಿದ್ಧಳಾಗಿದ್ದಳು. ಮುಖವೆತ್ತಿ, ಕಣ್ಣು ಕೀಲಿಸಿ, ಅವನು ಕೊಡುವ ಯಾವ ಸುಳ್ಳನ್ನಾದರೂ ಅರ್ಧ ಬೆಲೆಗೆ ಕೊಳ್ಳಲು ತಯಾರಾದವಳಂತೆ ನಿಂತಿದ್ದಳು. ಏನಾದರೂ ಹೇಳಬಹುದಿತ್ತು. ನಿನ್ನನ್ನು ಒಪ್ಪಿಸಿ ಬಂದು ಕೂತ ಮೇಲೆ ಕೈ ಖಾಲಿಯಾಯಿತು, ಆ ಖಾಲಿ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಕಿವಿಗೆ ಎತ್ತಿದೆ ಎನ್ನಬಹುದಿತ್ತು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ನನ್ನಂಥವನಿಗೆ ಅಳುವುದಕ್ಕೆ ಒಂದೇ ಬಾಗಿಲು ಗೊತ್ತು ಎನ್ನಬಹುದಿತ್ತು. ಅವನು ಬಾಯಿ ತೆರೆದ. ಮೇಲೆ, ಕಾಂಕ್ರೀಟಿನ ಆಚೆ, ಸಾವಿರಾರು ಜನ ಒಟ್ಟಿಗೆ ಉಸಿರು ಹಿಡಿದರು. ಆ ಮೌನ ಅವನಿಗೆ ಗೊತ್ತಿತ್ತು. ಚೆಂಡು ಕೈಗೆ ಬಂತು, ರಾಶಿ ಬೀಳುತ್ತಿದೆ, ಯಾರು ಮೇಲೆ ಯಾರು ಕೆಳಗೆ ಎಂದು ಸೀಟಿಯವನು ಹುಡುಗರನ್ನು ಒಬ್ಬೊಬ್ಬರಾಗಿ ಎತ್ತುತ್ತಿದ್ದಾನೆ. ಅವನು ಮಗಳ ಕಣ್ಣಿನಿಂದ ಕಣ್ಣು ಕೀಳಲಿಲ್ಲ. ನೋಡಬೇಕೆಂದರೂ ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಆದರೆ ಮಾತು ಬಾಯಲ್ಲೇ ನಿಂತಿತ್ತು. ಅವನು ಕೇಳಿಸಿಕೊಳ್ಳುತ್ತಿದ್ದ. ಮೈಯೆಲ್ಲ ಕಿವಿಯಾಗಿತ್ತು. ಅವನು ಕೇಳಿಸಿಕೊಳ್ಳುತ್ತಿರುವುದನ್ನು ಅವಳು ನೋಡುತ್ತಿದ್ದಳು.

ಆಮೇಲೆ ಮೇಲಿನ ಮೌನವೆಲ್ಲ ಒಡೆದು ಕೆಳಗೆ ಬಿತ್ತು. ಬೂಟುಗಳು ಅಲ್ಯೂಮಿನಿಯಂ ಹಲಗೆಯ ಮೇಲೆ ಬಡಿದವು, ಕಂಬಗಳು ನಡುಗಿದವು, ಸೂರಿನಿಂದ ಧೂಳು ಉದುರಿತು, ಬ್ಯಾಂಡಿನವರು ತಾಳ ತಪ್ಪಿ ಶುರುಮಾಡಿದರು. ನದಿಯಾಚೆಯವರ ಕೂಗು ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು, ಇದು ಅದಲ್ಲ. ಹುಡುಗರು ತಡೆದಿದ್ದರು. ಒಂದು ಇಡೀ ವರ್ಷ ಬಿದ್ದ ಹುಡುಗರು ಕೊನೆಗೊಮ್ಮೆ ನಿಂತಿದ್ದರು. ಅವನ ಒಳಗೆ ಏನೋ ಎದ್ದು ಬಂತು. ಬೇಡ ಅಂದ, ಈಗ ಬೇಡ ಅಂದ, ಹಲ್ಲು ಕಚ್ಚಿದ. ಅದು ನಿಲ್ಲದೆ, ನಗುವಾಗಿ ಮುಖದ ಮೇಲೆ ಹರಡಿಕೊಂಡಿತು. ಹಾಗೆ ಹರಡಿದ್ದು ಕೆನ್ನೆಯ ಸ್ನಾಯುಗಳಿಗೆ ಗೊತ್ತಾಯಿತು.

“ಗೆದ್ರಾ?” ಕೊರಿನ್ ಕೇಳಿದಳು.

“ಗೊತ್ತಿಲ್ಲ,” ಅಂದ.

ಅವಳು ತಲೆಯಾಡಿಸಿದಳು. ಕೈಗವಸು ಬಿಚ್ಚಿ, ಜ್ವರ ನೋಡುವವಳಂತೆ ಬೆರಳುಗಳನ್ನು ಅವನ ಕೆನ್ನೆಯ ಮೇಲೆ ಒಂದು ಕ್ಷಣ ಇಟ್ಟು ತೆಗೆದಳು. “ಹೋಗು ಅಪ್ಪ, ಹುಡುಗರನ್ನ ನೋಡು,” ಅಂದಳು, ಮೆತ್ತಗೆ. “ನಾನು ವೇಡ್‌ಗೆ ಫೋನ್ ಮಾಡ್ತೀನಿ, ಬಂದು ಕರ್ಕೊಂಡು ಹೋಗ್ತಾನೆ.” ತಿರುಗಿ ಇಳಿಜಾರಿನಲ್ಲಿ ಹೊರಗಿನ ಗೇಟಿನ ಕಡೆ ನಡೆದಳು.

ಅವನು ಅವಳ ಹಿಂದೆ ಹೊರಟ. ಎರಡು ಹೆಜ್ಜೆ ಇಟ್ಟಿರಬೇಕು. ಅಷ್ಟರಲ್ಲಿ ಮೆಟ್ಟಿಲ ಬಾಯಿಂದ ಜನ ಉಕ್ಕಿ ಬಂದರು. ಕೂಗುತ್ತಾ, ಟೋಪಿ ಎಸೆಯುತ್ತಾ, ಗುರುತಿದ್ದವರನ್ನೂ ಇಲ್ಲದವರನ್ನೂ ಎಳೆದಾಡುತ್ತಾ. ಮುಖಕ್ಕೆ ಬಣ್ಣ ಬಳಿದ ದಪ್ಪ ಗಂಡಸೊಬ್ಬ, ಅವನು ಹಿಂದೆಂದೂ ನೋಡಿರದವನು, “ಗೆದ್ವಿ ಅಜ್ಜ, ಗೆದ್ವಿ!” ಎಂದು ಅಳುತ್ತಾ ಬಂದು ಅವನನ್ನು ಅಪ್ಪಿ ನೆಲದಿಂದ ಎತ್ತಿಬಿಟ್ಟ. ಆ ಹೆಗಲ ಮೇಲಿಂದ ಕೊರಿನ್‌ನ ಬೆನ್ನು ಕಾಣಿಸುತ್ತಿತ್ತು. ಅವಳು ಗೇಟು ದಾಟುತ್ತಿದ್ದಳು. ಬಿಡಪ್ಪಾ, ನನ್ನ ಮಗಳು ಹೋಗ್ತಿದ್ದಾಳೆ ಎಂದು ಹೇಳಬೇಕೆಂದುಕೊಂಡ. ಅವನ ಎರಡೂ ಕೈಗಳು, ಯಾರನ್ನೂ ಕೇಳದೆ, ಮೇಲೆದ್ದು ಆ ಅಪರಿಚಿತನ ಬೆನ್ನನ್ನು ಬಿಗಿಯಾಗಿ ತಬ್ಬಿಕೊಂಡವು.